ಪ್ರಾಸ್ಟೇಟಿಗೆ ಹುರುಳಿಕಟ್ಟು

ರೋಗ ಬಂದರೆ ಬರಲಿ, ಹೇಳಿಕೊಳ್ಳುವಂಥ ಜಾಗದಲ್ಲಿ ಬರಬೇಕು. ಮೊಣಕಾಲು ನೋವಿದ್ದವರು ಎಷ್ಟು ಪುಣ್ಯವಂತರು! ಮದುವೆ ಮನೆಯಲ್ಲಿ ಕುರ್ಚಿ ಸಿಗುತ್ತದೆ, ಬಸ್ಸಿನಲ್ಲಿ ಸೀಟು ಸಿಗುತ್ತದೆ, ಯಾರು ಕೇಳಿದರೂ ಪ್ಯಾಂಟು ಮಡಚಿ ತೋರಿಸಬಹುದು. ನನಗೆ ಬಂದದ್ದು ಪ್ರಾಸ್ಟೇಟ್ ಕ್ಯಾನ್ಸರು. ಅದು ಎಲ್ಲಿದೆ ಎಂದು ಬೆರಳು ಮಾಡಿ ತೋರಿಸುವಂತೆಯೂ ಇಲ್ಲ.

ವಿದ್ಯಾನಗರದ ಡಾಕ್ಟರು ರಕ್ತ ತಪಾಸಣೆ, ಬಯಾಪ್ಸಿ ಎಲ್ಲ ಮುಗಿಸಿ, "ಭಾಳ ಲಗೂ ಸಿಕ್ಕೈತ್ರಿ. ಆಪರೇಶನ್ ಮಾಡಿದ್ರ ಆರಾಮ ಆಗ್ತೀರಿ" ಎಂದರು. ಆದರೆ ಮನೆಗೆ ಬರುವ ಹಾದಿಯಲ್ಲಿ ಸಾವಿಗಿಂತ ದೊಡ್ಡ ಚಿಂತೆಯೊಂದು ಹತ್ತಿತು: ಮಂದಿಗೆ ಏನು ಹೇಳುವುದು? ನಮ್ಮ ಹುಬ್ಬಳ್ಳಿಯಲ್ಲಿ ಒಬ್ಬರು ಆಸ್ಪತ್ರೆಗೆ ಹೋಗಿಬಂದರೆ ಓಣಿಗೆ ಓಣಿಯೇ ಮಾತಾಡಿಸಲು ಬರುತ್ತದೆ. ಬಾಳೆಹಣ್ಣು ಟೀಪಾಯಿಯ ಮೇಲಿಟ್ಟು, ಚಹಾ ಕುಡಿದು, ಏನಾಗಿದೆ, ಎಲ್ಲಿ ಆಗಿದೆ, ಹೇಗೆ ಗೊತ್ತಾಯಿತು ಎಂದು ಪೂರ್ತಿ ಕೇಳದೆ ಯಾರೂ ಏಳುವುದಿಲ್ಲ. ಜೀವನವೆಲ್ಲ ಸೀರೆ ಅಂಗಡಿಯಲ್ಲಿ ಕೂತು ಹೆಣ್ಣುಮಕ್ಕಳ ಜೊತೆ ಬಾಯಿತುಂಬ ಮಾತಾಡಿದವನು ನಾನು. ಆದರೂ ಎದುರುಮನೆಯ ಅಕ್ಕೋರು ಕೇಳಿದ ಕೂಡಲೇ ಖರೇ ಹೇಳಲು ನಾಚಿ, ಕಿಡ್ನಿಯಲ್ಲಿ ಹರಳು ಎಂದುಬಿಟ್ಟೆ.

ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು. ಕ್ಯಾನ್ಸರ್ ಎಂದಿದ್ದರೆ ಮಂದಿ ಮರುಕಪಟ್ಟು ಸುಮ್ಮನಾಗುತ್ತಿದ್ದರೇನೋ. ಹರಳಿಗೆ ನಮ್ಮಲ್ಲಿ ಪ್ರತಿಯೊಬ್ಬರ ಬಳಿಯೂ ಔಷಧವಿದೆ. ಅಕ್ಕೋರು ಬಾಳೆದಿಂಡಿನ ರಸ ತಂದರು. ಅಂಗಡಿಯ ಪಕ್ಕದವರು ಡಬ್ಬಿ ತುಂಬ ಹುರುಳಿಕಟ್ಟು ಕಳಿಸಿದರು. ಇನ್ಯಾರೋ ಬಾರ್ಲಿ ನೀರನ್ನು ತಂಬಿಗೆಗಟ್ಟಲೆ ಕುಡಿಯಲು ಹೇಳಿದರು. ಖರೇ ಸಂಗತಿ ಗೊತ್ತಿದ್ದವಳು ನನ್ನ ಹೆಂಡತಿ ಗಿರಿಜಾ ಒಬ್ಬಳೇ. ಅವಳೋ ಬಂದವರೆದುರಿಗೇ ಲೋಟ ತುಂಬಿ, ಪಾಪ ಅಷ್ಟು ಕಾಳಜಿಯಿಂದ ತಂದಿದ್ದಾರೆ ಎಂದು ನಗುತ್ತ ಕೈಗಿಡುವಳು. ಮೊದಲೇ ಗಳಿಗೆಗೊಮ್ಮೆ ಬಚ್ಚಲಿಗೆ ಏಳುತ್ತಿದ್ದ ನನ್ನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ. ಅತ್ತ ನಾನು ಬಾಗಿಲು ಹಾಕಿಕೊಂಡು ನಿಂತರೆ, ಇತ್ತ ಪಡಸಾಲೆಯಲ್ಲಿ ಔಷಧ ಹತ್ತಿತು ನೋಡಿ ಎಂದು ಎಲ್ಲರಿಗೂ ಸಮಾಧಾನ.

ಹೀಗೇ ಒಂದು ಸಂಜೆ ಮಕ್ಬೂಲ್ ಬಂದ. ನನ್ನ ಸ್ಕೂಟರಿನ ಮೆಕ್ಯಾನಿಕ್, ಹಳೆಯ ಗೆಳೆಯ, ನನ್ನದೇ ವಯಸ್ಸು. ಅಕ್ಕೋರೂ ಅಲ್ಲೇ ಕೂತಿದ್ದರು. ಮಕ್ಬೂಲ್ ನನ್ನ ಲೋಟದಿಂದ ಅರ್ಧ ಹುರುಳಿಕಟ್ಟು ಬಗ್ಗಿಸಿಕೊಂಡು, "ಸಾವಕಾರ್ರ, ನನಗೂ ನಿಮ್ಮಂಗ ಆಗಾಕತ್ತೈತ್ರಿ. ಧಾರವಾಡ ಮುಟ್ಟೂದ್ರಾಗ ಎರಡು ಸಲ ಗಾಡಿ ನಿಲ್ಲಸ್ತೇನಿ. ಡಾಕ್ಟರ್ ಕಡೆ ಹೋಗಬೇಕಂತಿದ್ದೆ. ನಿಮ್ಮದು ಹರಳು ಅಂತ ಗೊತ್ತಾದ ಮ್ಯಾಲ ಬಿಟ್ಟೆ. ಇದನ್ನ ಕುಡದ್ರ ಆತಲ್ರಿ" ಎಂದ.

ಗಿರಿಜಾ ನಗು ನಿಲ್ಲಿಸಿ ನನ್ನನ್ನೇ ನೋಡಿದಳು. ನನ್ನ ಮಾನ ಉಳಿಸಿಕೊಳ್ಳಲು ಹೋಗಿ ಈ ಮನುಷ್ಯನ ಜೀವ ತೆಗೆಯುತ್ತೇನಲ್ಲಪ್ಪ ಎಂದು ಭಯವಾಯಿತು. ಅಕ್ಕೋರ ಕಡೆ ನೋಡದೆ, ಗೋಡೆಗೆ ಹೇಳಿದ ಹಾಗೆ ಹೇಳಿದೆ: "ಮಕ್ಬೂಲ, ಅದನ್ನ ಕೆಳಗಿಡು. ನನಗ ಹರಳಿಲ್ಲೋ. ಪ್ರಾಸ್ಟೇಟ್ ಕ್ಯಾನ್ಸರ್ ಐತಿ. ನಾಳೆ ನನ್ನ ಕೂಡ ದವಾಖಾನಿಗೆ ನಡಿ."

ಅಕ್ಕೋರು ನಾಚಿ ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಸೆರಗು ಸರಿಮಾಡಿಕೊಂಡು, ತಮ್ಮ ಯಜಮಾನರದೂ ಗಳಿಗೆಗೊಮ್ಮೆ ಬಚ್ಚಲಿಗೆ ಏಳುವ ಇದೇ ಹಣೆಬರಹವೆಂದೂ ಹೇಗೂ ಹೋಗುತ್ತೀರಲ್ಲ, ಅವರನ್ನೂ ಕರೆದುಕೊಂಡು ಹೋಗಿ ಎಂದೂ ಹೇಳಿದರು.

ಯಜಮಾನರು ಮಾರನೆಯ ದಿನ ಹಲ್ಲುನೋವು ಎಂದು ತಪ್ಪಿಸಿಕೊಂಡರು. ಮಕ್ಬೂಲ್ ಬಂದ. ತಪಾಸಣೆಯ ಫಲ ತಿಳಿಯುವವರೆಗೆ ನಾನು ದೊಡ್ಡ ಅನುಭವಸ್ಥನಂತೆ ಅವನಿಗೆ ಧೈರ್ಯ ತುಂಬಿದೆ. ಏನಾದರೂ ಇದ್ದರೂ ಹೆದರಬೇಡ, ಇಬ್ಬರೂ ಕೂಡಿಯೇ ಆಪರೇಶನ್ ಮಾಡಿಸಿಕೊಳ್ಳೋಣ, ಅಕ್ಕಪಕ್ಕದ ಮಂಚ ಕೇಳೋಣ ಎಂದೆಲ್ಲ ಹೇಳಿದೆ. ಕಡೆಗೆ ಡಾಕ್ಟರು ಅವನಿಗೆ ಕ್ಯಾನ್ಸರ್ ಇಲ್ಲ, ವಯಸ್ಸಾದ ಮೇಲೆ ಬರುವ ಬಾವು, ಗುಳಿಗೆ ಸಾಕು ಎಂದರು. ಮಕ್ಬೂಲ್ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತ. ನನಗೂ ಅಳು ಬಂತು. ಗೆಳೆಯ ಅಂದರೆ ಹೀಗಿರಬೇಕು, ನನ್ನ ಸಲುವಾಗಿ ಅತ್ತರು ಎಂದು ಅವನು ಈಗಲೂ ಕಂಡಕಂಡವರಿಗೆ ಹೇಳುತ್ತ ತಿರುಗುತ್ತಿದ್ದಾನೆ. ಪಕ್ಕದ ಮಂಚ ಖಾಲಿಯಾಯಿತಲ್ಲ, ಆಪರೇಶನ್ನಿಗೆ ನಾನೊಬ್ಬನೇ ಹೋಗಬೇಕಲ್ಲ ಎಂದು ಅತ್ತೆನೆಂದು ಅವನಿಗೆ ಹೇಗೆ ಹೇಳಲಿ?