ಹಸಿಗಣ್ಣಿಗೆ ದಕ್ಕಿದ ಒಣಮೀನಿನ ಜಾಗ

ನಮ್ಮ ಕೇರಿಯ ಐವರು ಪಂಚರ ಸನ್ನಿಧಿಗೆ, ಅಂಕೋಲೆಯ ಪೇಟೆಯಲ್ಲಿ ಒಣಮೀನು ಮಾರುವ ಕಲಾವತಿಯ ತಲೆಬಾಗಿದ ನಮಸ್ಕಾರಗಳು.

ಮಾನ್ಯರೇ,

ಕಳೆದ ಬುಧವಾರ ತಾವು ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು, ದಂಡೆಯಲ್ಲಿ ನಾನು ಮೀನು ಒಣಗಿಸುವ ಜಾಗವನ್ನು ದುರ್ಗಿಗೆ ಕೊಡಿಸಿದ ತೀರ್ಪಿನಿಂದ ನನಗೆ ಬಹಳ ಜ್ಞಾನೋದಯವಾಗಿದೆ. ಜಾಗ ನನ್ನದೆಂದು ಮೂರು ವರ್ಷದ ಹಿಂದೆ ತಾವೇ ಬರೆದುಕೊಟ್ಟ ಕಾಗದವನ್ನು ತಂದಿದ್ದೆ. ಅದರ ಮೇಲೆ ತಮ್ಮ ಹಿರಿಯರಾದ ಕಾಶಿ ಯಜಮಾನರದೇ ಸಹಿಯಿತ್ತು. ಪಕ್ಕದಲ್ಲೇ ಮೀನು ಹರಡುವ ಜಾನಕಿಯನ್ನು ಸಾಕ್ಷಿಗೆ ಕರೆತಂದಿದ್ದೆ. ಕಡಲು ಕೊರೆದು ತನ್ನ ಜಾಗ ಕಳೆದುಕೊಂಡಿದ್ದ ದುರ್ಗಿ ಏನನ್ನೂ ತಂದಿರಲಿಲ್ಲ. "ಎಂತ ಆತು, ಹೇಳು ಮಗಾ" ಎಂದು ಯಜಮಾನರು ಕೇಳಿದ್ದೇ ತಡ, ಅತ್ತುಬಿಟ್ಟಳು. ಮೊದಲ ಬಿಕ್ಕಿಗೆ ಜಾನಕಿಯ ಸಾಕ್ಷಿ ಹೋಯಿತು, ಎರಡನೆಯದಕ್ಕೆ ಕಾಗದ ಹೋಯಿತು, ಮೂರನೆಯದಕ್ಕೆ ಯಜಮಾನರು, ಪೊರೆ ತೆಗೆಸಿ ಹದಿನೈದು ದಿನವೂ ಆಗದ ಕಣ್ಣನ್ನು ವೈದ್ಯರ ಮಾತು ಮೀರಿ ಒರೆಸಿಕೊಂಡು, ತಮ್ಮ ಸಹಿಯನ್ನೇ ಗುರುತಿಸದಾದರು. ಇಂಥ ತ್ಯಾಗ ಯಾವ ಕೋರ್ಟಿನಲ್ಲಿ ಸಿಕ್ಕೀತು?

ತಮ್ಮಲ್ಲೊಬ್ಬರಾದ ಹರಿಶ್ಚಂದ್ರರು ಅಷ್ಟಕ್ಕೇ ಬಿಡದೆ, "ಗಂಡನ ಹೆಣ ದಡಕ್ಕೆ ಬಂದಾಗೂ ಈಕಿ ಅಳ್ಲಿಲ್ಲ, ಇವಳ ಮಾತು ನಂಬೂದು ಹ್ಯಾಂಗೆ?" ಎಂದರು. ನಿಜ. ಆ ದಿನ ಪೊಲೀಸರು ಅಂಗಿಯ ಬಣ್ಣ ಕೇಳುತ್ತಿದ್ದರು, ಅತ್ತೆ ಮೂರ್ಛೆ ಹೋಗಿದ್ದರು, ಉತ್ತರ ಹೇಳಲು ಬೇರೆ ಯಾರೂ ಇರಲಿಲ್ಲ. ಆಗ ಅಳದಿದ್ದದ್ದು ಇಷ್ಟು ವರ್ಷದ ಮೇಲೆ ಮೀನಿನ ಜಾಗಕ್ಕೆ ಅಡ್ಡ ಬರುತ್ತದೆಂದು ತಿಳಿದಿದ್ದರೆ ಖಂಡಿತ ಬಿಡುವು ಮಾಡಿಕೊಳ್ಳುತ್ತಿದ್ದೆ. ಆದ್ದರಿಂದ ಒಂದು ಸಹಿಯ ಕಾಗದಕ್ಕೆ ಎಷ್ಟು ಹನಿ ಕಣ್ಣೀರು ಸಮ ಎಂಬುದನ್ನು ಕಟ್ಟೆಯ ಮೇಲೆ ಬರೆಸಿಹಾಕಬೇಕಾಗಿ ವಿನಂತಿ.

ಭಾನುವಾರ ಬೆಳಿಗ್ಗೆ ಜಾಗ ಖಾಲಿ ಮಾಡಲು ಹೋದಾಗ ದುರ್ಗಿ ಬಾಂಗಡೆಯ ಬುಟ್ಟಿ ಹೊತ್ತು ನಿಂತೇ ಇದ್ದಳು, ಕೆಳಗಿಳಿಸಿರಲಿಲ್ಲ.

"ಅಕ್ಕಾ, ನಾ ಅತ್ತದ್ದು ಸುಳ್ಳಲ್ಲ," ಎಂದಳು. "ನಮ್ಮನೆಯವ್ರು ಬಿಟ್ಟು ಹೋಗಿ ಎರಡು ವರ್ಷ ಆತು, ಎಂತ ಆತು ಅಂತ ಒಬ್ರೂ ಕೇಳಿರ್ಲಿಲ್ಲ. ಯಜಮಾನ್ರು ಕೇಳಿದ ಕೂಡ್ಲೆ ತಡೀಲಿಕ್ಕೇ ಆಗ್ಲಿಲ್ಲ. ಜಾಗ ನಿಂದೇ."

ನಾಲ್ಕು ದಿನದಿಂದ ಅವಳಿಗೆಂದು ಕೂಡಿಟ್ಟುಕೊಂಡಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಬಾಂಗಡೆ ಸುರಿ ಮಾರಾಯ್ತಿ, ಬಿಸಿಲು ಸುಮ್ನೆ ಹೋಗ್ತದೆ" ಎಂದೆ. ಈಗ ಅರ್ಧ ಅವಳದು, ಅರ್ಧ ನನ್ನದು. ತಮ್ಮ ತೀರ್ಪನ್ನು ಹೀಗೆ ಇಬ್ಬರೂ ಸೇರಿ ಮುರಿದಿರುವುದಕ್ಕೆ ಕ್ಷಮೆಯಿರಲಿ.

ತಮ್ಮ ವಿಶ್ವಾಸಿ,
ಕಲಾವತಿ

ವಿ.ಸೂ.: ದುರ್ಗಿಯನ್ನು ಬಿಟ್ಟುಹೋದ ಗಂಡ ರೂಪೇಶ ಮಲ್ಲಾಪುರದಲ್ಲಿ ಆರಾಮಾಗಿದ್ದಾನೆ. ಹರಿಶ್ಚಂದ್ರರ ತಂಗಿಯ ಮಗನೇ ಆದ್ದರಿಂದ ವಿಳಾಸ ಬೇರೆ ಬರೆಯುವುದಿಲ್ಲ. ಬರುವ ಬುಧವಾರ ಅವನನ್ನು ಕಟ್ಟೆಗೆ ಕರೆಸಿ; ಅವನೇನಾದರೂ ಅತ್ತರೆ, ತೀರ್ಪು ಹೇಳುವ ಕೆಲಸವನ್ನು ದಯಮಾಡಿ ನಮ್ಮಿಬ್ಬರಿಗೆ ಬಿಡಿ.