ಭಾವನ ಕಿವಿಕ್ಲಿಪ್ಪು

“ಇಷ್ಟು ಜನ ಒಂದೇ ಸಲಕ್ಕೆ ಹಾಡು ಮುಗಿಸೋದು ಅಷ್ಟು ಕಷ್ಟವಾ?”

ನನ್ನ ಭಾವ ಶೇಷಶಯನ ಹೀಗೆ ಕೇಳಿದ್ದು ನಮ್ಮ ಬೀದಿಯ ಭಜನೆಮನೆಯ ತೊಲೆಯನ್ನು. ಅಲ್ಲಿ ಪ್ರತಿ ಶನಿವಾರ ಎಲ್ಲರೂ ಮಂಗಳ ಮುಗಿಸಿದ ಮೇಲೂ ತುಂಗಜ್ಜಿಯ ದನಿಯೊಂದು ಹಿಂದುಳಿದು, ತನ್ನ ಪಾಡಿಗೆ ನಡೆದು ಬಂದು ನಿಲ್ಲುತ್ತಿತ್ತು. ದೇವರ ತೆರೆಯ ಹಿಂದೆ ಪೂಜೆಗೆ ನಿಂತ ವೆಂಕಣ್ಣಾಚಾರ್ರು ಆ ದನಿಯ ಬಾಲ ಕೇಳಿಸಿದ ಮೇಲೆಯೇ ಕರ್ಪೂರ ಹಚ್ಚಿ ತೆರೆ ಸರಿಸುವುದು. ಯಾರೂ ಮಾಡಿದ ನಿಯಮವಲ್ಲ, ನಡೆದುಕೊಂಡು ಬಂದದ್ದು.

ಆದರೆ ಏಕಾದಶಿಗೆ ಭಜನೆ ಸ್ಪರ್ಧೆಯಿತ್ತು. ಇವತ್ತು ಸರಿಹೋಗದಿದ್ದರೆ ಅಜ್ಜಿ ಇನ್ನು ಹಾಡಕೂಡದು ಎಂದು ಮಂಡಳಿ ತೀರ್ಮಾನಿಸಿತ್ತು. ಶನಿವಾರದ ಈ ಹಾಡು ಬಿಟ್ಟರೆ ಅಜ್ಜಿಗೆ ವಾರವೆಲ್ಲ ಬಾಯಿ ತೆರೆಯಲು ಜೊತೆಯೇ ಇರಲಿಲ್ಲ.

ಭಾವ ಟಿಫಿನ್ ಡಬ್ಬಿಯಿಂದ ಬಟ್ಟೆ ಕ್ಲಿಪ್ಪುಗಳನ್ನು ತೆಗೆದು, ತಮ್ಮ ಕಿವಿಗೊಂದು ಸಿಕ್ಕಿಸಿಕೊಂಡು, ಎಲ್ಲರಿಗೂ ಹಂಚಿದರು. ಅದರೊಳಗೆ ಸಣ್ಣದೊಂದು ಮಿದುಳಿದೆಯಂತೆ. ಹೆಚ್ಚು ಜನ ಮಾಡಿದ್ದೇ ಸರಿ ಎಂದುಕೊಂಡು, ಬೇರೆ ಮಾಡಿದವರ ಕಿವಿ ಹಿಂಡುತ್ತದಂತೆ.

“ಮನೇಲಿ ಮಿಕ್ಸಿ ಕೆಟ್ಟು ಕೂತಿದೆ, ಇಲ್ಲಿ ಜನರ ರಿಪೇರಿ,” ಎಂದಳು ಅಕ್ಕ.

ಭಜನೆ ಶುರುವಾಯಿತು. ಅಜ್ಜಿ ಹಿಂದುಳಿದರು, ಕ್ಲಿಪ್ಪು ಹಿಂಡಿತು, ಅಜ್ಜಿ ಕೂತಲ್ಲೇ ಜಿಗಿದರು. ಎಲ್ಲರಿಗೂ ನಗು. ಇರುವೆ ಕಂಡರೆ ಕಾಲು ತಪ್ಪಿಸಿ ನಡೆಯುವ ಸಾಧು ಜನ ಇನ್ನೊಂದು ಸುತ್ತು ಬಿಗಿ ಮಾಡಿ ಎಂದು ದುಂಬಾಲು ಬಿದ್ದರು. ಭಾವ ಡಬ್ಬಿಯ ತಿರುಪು ತಿರುಗಿಸಿದರು, ಎಲ್ಲ ಕ್ಲಿಪ್ಪುಗಳೂ ಬಿಗಿಯಾದವು.

ಮುಂದಿನ ಸರದಿ ನನ್ನದು. ನಾನು ಹಾಡುವವನಲ್ಲ, ಕಣ್ಣು ಮುಚ್ಚಿ ಕೇಳುವವನು. ಎಲ್ಲರೂ ಹಾಡುವಾಗ ಸುಮ್ಮನಿದ್ದದ್ದೇ ತಪ್ಪಾಯಿತು! ಆಮೇಲೆ ಸೀನಿದವರಿಗೆ, ಆಕಳಿಸಿದವರಿಗೆ, ಭಕ್ತಿ ಉಕ್ಕಿ ದನಿ ಏರಿಸಿದವರಿಗೆ.

ಮಂಗಳದ ಹೊತ್ತಿಗೆ ಒಬ್ಬರೂ ಬಾಯಿ ತೆರೆಯಲಿಲ್ಲ. ಮೊದಲು ತೆರೆದವರು ಬೇರೆಯವರಾಗುತ್ತಾರಲ್ಲ!

“ಹಾಡ್ರೀ,” ಎಂದರು ಭಾವ. ಎಂದದ್ದೇ ತಡ, ಕ್ಲಿಪ್ಪು ಅವರ ಕಿವಿಯನ್ನೇ ಹಿಂಡಿತು. “ಅಯ್ಯೋ!”

ಬೆಚ್ಚಿದ ಪಕ್ಕದವರೂ ಅಯ್ಯೋ ಎಂದರು, ಅವರ ಪಕ್ಕದವರೂ ಎಂದರು. ಅಷ್ಟರಲ್ಲಿ ಅಯ್ಯೋ ಎನ್ನುವವರೇ ಹೆಚ್ಚಾಗಿ, ಎನ್ನದವರ ಕಿವಿಯನ್ನು ಕ್ಲಿಪ್ಪು ಹಿಂಡಿತು. ನೋಡನೋಡುತ್ತ ಇಡೀ ಮಂಡಳಿ ಒಂದೇ ಶ್ರುತಿಯಲ್ಲಿ, ತಾಳ ತಪ್ಪದೆ, ಅಯ್ಯೋ ಎಂದು ಹಾಡತೊಡಗಿತು. ಅಷ್ಟು ಸೊಗಸಾಗಿ ನಮ್ಮವರು ಹಿಂದೆಂದೂ ಹಾಡಿದ್ದಿಲ್ಲ.

ಕ್ಲಿಪ್ಪಿಗೆ ಬೀಗವಿರಲಿಲ್ಲ, ಎಳೆದರೆ ಬರುತ್ತಿತ್ತು. ಆದರೆ ಪಕ್ಕದವರು ಮೊದಲು ತೆಗೆಯಲಿ ಎಂದು ಎಲ್ಲರೂ ಕಾದರು. ನನ್ನ ಕೈಯೂ ಕಿವಿಯವರೆಗೆ ಹೋಗಿ, ಅಕ್ಕನ ಮುಖ ನೋಡಿ, ಕೆಳಗಿಳಿಯಿತು. ಮಂಗಳದ ಬಾಲ ಕೇಳಿಸದೆ ತೆರೆಯೂ ಸರಿಯಲಿಲ್ಲ.

ತುಂಗಜ್ಜಿ ಮಾತ್ರ, ಓಲೆಗೆ ಸಿಕ್ಕಿಕೊಳ್ಳುತ್ತದೆಂದು ಗೊಣಗಿ, ಕ್ಲಿಪ್ಪನ್ನು ಆಗಲೇ ಕಿತ್ತು ತಮ್ಮ ಹುರಿಗಡಲೆ ಚೀಲದ ಬಾಯಿಗೆ ಸಿಕ್ಕಿಸಿದ್ದರು. ಈಗ ಆ ಗದ್ದಲದ ನಡುವೆ ಒಬ್ಬರೇ ಮಂಗಳ ಎತ್ತಿಕೊಂಡರು. ಎಂದಿನ ನಿಧಾನ, ಎಂದಿನ ಬಾಲ. ತೆರೆ ಸರಿಯಿತು. ಆರತಿ ಕಣ್ಣಿಗೊತ್ತಿಕೊಳ್ಳಲು ಎದ್ದ ಕೈಗಳೆಲ್ಲ ಹಾಗೆಯೇ ಕಿವಿಗೂ ಹೋಗಿ ಕ್ಲಿಪ್ಪುಗಳನ್ನು ಕಿತ್ತವು.

“ಹೊಸ ಕೀರ್ತನೆ ಚೆನ್ನಾಗಿತ್ತು,” ಎಂದರು ಆಚಾರ್ರು. “ಸಾಹಿತ್ಯ ಮಾತ್ರ ಸ್ವಲ್ಪ ಕಡಿಮೆಯಾಯ್ತು.”

ಅಜ್ಜಿ ಹಾಡಕೂಡದೆಂಬ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ದಾಸವಾಳದಂಥ ಕಿವಿಗಳನ್ನು ಸವರಿಕೊಳ್ಳುವುದರಲ್ಲೇ ಇದ್ದರು. ಭಾವ ಮಾತ್ರ ಡಬ್ಬಿ ಹಿಡಿದು ಅಜ್ಜಿಯ ಮುಂದೆ ಬಗ್ಗಿದರು.

“ಅಜ್ಜೀ, ಅದೊಂದು ಕೊಟ್ಬಿಡಿ. ತಿರುಪು ಸಡಿಲ ಮಾಡಿ, ಮುಂದಿನ ಶನಿವಾರ ಇನ್ನೊಂದೇ ಒಂದು ಸಲ…”

ಅಜ್ಜಿ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

“ಕೊಡಲ್ಲಪ್ಪ. ಕಡಲೆ ಮೆತ್ತಗಾಗುತ್ತೆ.”