ಅಲ್ಪವಿರಾಮನ ನಾಯಿ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಪ್ರೆಸ್ಸಿನ ಬಾಗಿಲು ದಾಟಿದ ಅಲ್ಪವಿರಾಮ, ನೋಟೀಸ್ ಬೋರ್ಡು ಓದಿ ನಿಂತಲ್ಲೇ ಕಲ್ಲಾದ. ಬೋರ್ಡಿನ ಮೇಲೆ ಹೀಗೆ ಬರೆದಿತ್ತು: ‘ಇಂದು ಸಂಜೆ ನಾಲ್ಕಕ್ಕೆ ವಾರದ ಮಾತು. ವಿಷಯ: ನನ್ನ ನಾಯಿ ನನಗೆ ಕಲಿಸಿದ ಬದುಕಿನ ಪಾಠಗಳು. ಮಾತನಾಡುವವರು: ನಮ್ಮ ಪ್ರೂಫ್ ರೀಡರ್. ನಾಯಿಯೂ ಹಾಜರಿರುತ್ತದೆ.’

ನೋಟೀಸಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಆ ಪ್ರೂಫ್ ರೀಡರ್ ಅವನೇ, ಮತ್ತು ಅವನ ಹತ್ತಿರ ನಾಯಿಯೇ ಇರಲಿಲ್ಲ.

ಅಲ್ಪವಿರಾಮ ಎನ್ನುವುದು ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರ್ ಇಟ್ಟ ಹೆಸರು. ಎರಡು ಪುಟ ತಿದ್ದಿದರೆ ಒಂದು ಆಕಳಿಕೆ, ನಾಲ್ಕು ಪುಟ ತಿದ್ದಿದರೆ ಒಂದು ಕಾಫಿ. ಹೀಗೆ ಕೆಲಸದ ನಡುನಡುವೆ ನಿಂತು ನಿಂತು ಹೋಗುವುದು ಅವನ ಸ್ವಭಾವ. ಪ್ರೆಸ್ಸಿನಲ್ಲಿ ಉಳಿದವರೆಲ್ಲ ಸಂಜೆ ಏಳರವರೆಗೆ ದುಡಿದರೆ ಅವನು ಐದಕ್ಕೇ ಚೀಲ ಹೆಗಲಿಗೇರಿಸುತ್ತಿದ್ದ. ಎಂಟು ತಿಂಗಳ ಹಿಂದೆ ಮ್ಯಾನೇಜರ್ ಮೇಡಂ ಕಾರಣ ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದ: “ಮನೇಲಿ ನಾಯಿ ಇದೆ ಮೇಡಂ, ಚುಕ್ಕಿ ಅಂತ. ಐದಾದರೆ ಸಾಕು, ಒಂದೇ ಸಮ ಅಳೋಕೆ ಶುರು ಮಾಡುತ್ತೆ.” ನಾಯಿಯ ಕಷ್ಟ ಬಲ್ಲವರಂತೆ ಮೇಡಂ ಮರುಮಾತಾಡದೆ ಒಪ್ಪಿದ್ದರು. ಅಂದಿನಿಂದ ಅವನು ಐದೂಕಾಲಿಗೆ ಮನೆ ಸೇರಿ, ಅಂಗಾತ ಮಲಗಿ, ಎಂಟರವರೆಗೆ ಫ್ಯಾನು ತಿರುಗುವುದನ್ನು ನೋಡುತ್ತಿದ್ದ.

ವಾರದ ಮಾತಿನ ಉಸ್ತುವಾರಿ ಬೈಂಡರನದು. ಅವನು ಗೋಂದಿನ ಬಕೆಟ್ಟು ಕಲಕುತ್ತ ಅಲ್ಪವಿರಾಮನ ಮುಖವನ್ನೇ ನೋಡುತ್ತಿದ್ದ.

“ಇವತ್ತು ಆಗಲ್ಲ ಮಾರಾಯರೇ,” ಎಂದ ಅಲ್ಪವಿರಾಮ. “ಚುಕ್ಕಿಗೆ ಜ್ವರ.”

“ಅಯ್ಯೋ ಪಾಪ. ನಡೀರಿ, ಈಗಲೇ ನಿಮ್ಮ ಮನೆಗೆ ಹೋಗೋಣ. ನನಗೊಬ್ಬರು ಒಳ್ಳೆ ನಾಯಿ ಡಾಕ್ಟರ್ ಗೊತ್ತು.”

“ಅಷ್ಟೇನಿಲ್ಲ. ಇಳಿದಿರಬೇಕು ಇಷ್ಟೊತ್ತಿಗೆ.”

“ಇಳಿದಿದ್ದರೆ ಕರಕೊಂಡು ಬನ್ನಿ. ಇಳೀದಿದ್ದರೆ ನಾನು ಬರ್ತೀನಿ.”

ಎರಡು ದಾರಿಯಲ್ಲೂ ನಾಯಿ ಬೇಕಿತ್ತು.

ಹನ್ನೆರಡಕ್ಕೆ ಅಲ್ಪವಿರಾಮ ಓಡುತ್ತ ಮನೆಗೆ ಬಂದ. ಅವನ ಮನೆಯ ಕೆಳಗೆ ಒಬ್ಬ ಟೈಲರಕ್ಕನ ಅಂಗಡಿ. ಅದರ ಬಾಗಿಲಿಗೆ ಅಡ್ಡಲಾಗಿ ಕೆಲವು ತಿಂಗಳಿಂದ ಒಂದು ಕಂದು ನಾಯಿ ಬಿದ್ದುಕೊಂಡಿರುತ್ತಿತ್ತು. ಕರುವಿನಷ್ಟು ಎತ್ತರ, ಸುತ್ತಿಟ್ಟ ಹಾಸಿಗೆಯಷ್ಟು ದಪ್ಪ. ಗಿರಾಕಿಗಳು ಅದನ್ನು ದಾಟಿ ಒಳಗೆ ಹೋಗುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದರು.

“ಅಕ್ಕಾ, ಒಂದು ಉಪಕಾರ ಆಗಬೇಕಿತ್ತು. ನಿಮ್ಮ ನಾಯೀನ ಒಂದು ಮಧ್ಯಾಹ್ನದ ಮಟ್ಟಿಗೆ…”

ಅವನ ವಾಕ್ಯ ಮುಗಿಯುವ ಮೊದಲೇ ಟೈಲರಕ್ಕ ಹಗ್ಗ ತಂದು ಅವನ ಕೈಗೆ ಕೊಟ್ಟಳು. “ಒಂದು ಮಧ್ಯಾಹ್ನ ಯಾಕೆ ತಮ್ಮಾ, ಒಂದು ವಾರ ಇಟ್ಕೋ. ಬೆಳಿಗ್ಗೆಯಿಂದ ಎರಡು ಟೇಪು, ಒಂದು ಪ್ಯಾಂಟಿನ ಕಾಲು ತಿಂದಿದೆ. ಯಾರೋ ಬೇಡ ಅಂತ ಕೊಟ್ಟರು, ನಾನು ಬೇಕು ಅಂತ ತಗೊಂಡೆ. ತಪ್ಪು ನಂದೇ.”

ಗಡಿಬಿಡಿಯಲ್ಲಿ ಅವನು ನಾಯಿಯ ಹೆಸರು ಕೇಳುವುದನ್ನು ಮರೆತ. ದಾರಿಯುದ್ದಕ್ಕೂ ನಾಯಿ ಮುಂದೆ, ಅವನು ಹಿಂದೆ. ನಾಯಿ ಕಂಬ ಕಂಡಲ್ಲಿ ನಿಂತಿತು. ನಿಂತಲ್ಲಿ ಅವನು ಮುಗ್ಗರಿಸಿದ. ಪ್ರೆಸ್ಸು ಮುಟ್ಟುವಷ್ಟರಲ್ಲಿ ಅವನ ಒಂದು ತೋಳು ಇನ್ನೊಂದಕ್ಕಿಂತ ಉದ್ದವಾದಂತೆ ಅನ್ನಿಸುತ್ತಿತ್ತು.

ಬಾಗಿಲಲ್ಲೇ ಬೈಂಡರ್ ಕಾಯುತ್ತಿದ್ದ.

“ಚುಕ್ಕಿ ಬಿಳೀದು ಅಂದಿದ್ರಿ?”

“ಚಿಕ್ಕದಾಗಿದ್ದಾಗ ಬಿಳೀದೇ ಇತ್ತು.”

“ತೊಡೆ ಮೇಲೆ ಮಲಗುತ್ತೆ ಅಂದಿದ್ರಿ.”

“ಮಲಗುತ್ತೆ. ಆಮೇಲೆ ತೊಡೆ ಮಲಗುತ್ತೆ.”

“ಹೆಣ್ಣು ಅಂದಿದ್ರಿ,” ಎಂದು ಬೈಂಡರ್ ಬಗ್ಗಿ ನೋಡಿದ. ಅಲ್ಪವಿರಾಮ ಹಗ್ಗ ಎಳೆದುಕೊಂಡು ಸರಸರನೆ ಒಳಗೆ ಹೋದ.

ನಾಲ್ಕು ಗಂಟೆಗೆ ಯಂತ್ರಗಳು ನಿಂತವು. ಕಾಗದದ ಬಂಡಲುಗಳ ಮೇಲೆ ಹದಿನೈದು ಜನ ಸಾಲಾಗಿ ಕೂತರು. ಮೇಡಂ ಫೋನಿನಲ್ಲಿದ್ದರು, ಆಮೇಲೆ ಬರುತ್ತೇನೆ, ಶುರು ಮಾಡಿ ಎಂದು ಕೈಸನ್ನೆ ಮಾಡಿದರು. ಅಲ್ಪವಿರಾಮ ನಾಯಿಯನ್ನು ಮೇಜಿನ ಕಾಲಿಗೆ ಕಟ್ಟಿ, ಊಟದ ಹೊತ್ತಿನಲ್ಲಿ ಗೀಚಿಕೊಂಡಿದ್ದ ಚೀಟಿ ತೆಗೆದ.

“ನಾಯಿಯಿಂದ ನಾನು ಕಲಿತ ಮೊದಲ ಪಾಠ, ತೃಪ್ತಿ. ಕೊಟ್ಟಷ್ಟೇ ತಿನ್ನುತ್ತದೆ. ಇನ್ನೊಬ್ಬರದಕ್ಕೆ ಬಾಯಿ ಹಾಕುವುದಿಲ್ಲ.”

ಲೊಚಲೊಚ ಎಂಬ ಸದ್ದು ಕೇಳಿ ಎಲ್ಲರೂ ತಿರುಗಿದರು. ನಾಯಿ ಮೇಜನ್ನೂ ಎಳೆದುಕೊಂಡು ಹೋಗಿ ಬೈಂಡರನ ಮೈದಾ ಗೋಂದಿನ ಬಕೆಟ್ಟಿಗೆ ಕತ್ತಿನವರೆಗೆ ಇಳಿದಿತ್ತು. ನಾಲ್ವರು ಸೇರಿ ಹೊರಗೆಳೆದರು. ಬಕೆಟ್ಟು ತೊಳೆದಿಟ್ಟಂತೆ ಹೊಳೆಯುತ್ತಿತ್ತು. ನಾಯಿಯ ಮೂತಿಗೆ ಎರಡು ರಸೀದಿ, ಒಂದು ಪುಸ್ತಕದ ರಟ್ಟು ಅಂಟಿಕೊಂಡಿದ್ದವು.

“ಎರಡನೆಯದು,” ಎಂದ ಅಲ್ಪವಿರಾಮ, ದನಿ ಏರಿಸಿ, “ವಿಧೇಯತೆ. ಚುಕ್ಕಿ, ಕೂತ್ಕೋ.”

ನಾಯಿ ಆ ಹೆಸರಿನವರು ಬೇರೆ ಯಾರಾದರೂ ಇದ್ದಾರೇನೋ ಎಂಬಂತೆ ಸುತ್ತ ನೋಡಿತು.

“ಚುಕ್ಕಿ, ಕೂತ್ಕೋ ಮರೀ.”

ಮುಂದಿನ ಸಾಲಿನಲ್ಲಿ ಅರ್ಧ ಎದ್ದಿದ್ದ ಅಕ್ಷರ ಜೋಡಿಸುವ ಅಮ್ಮ ಗಾಬರಿಯಲ್ಲಿ ಕೂತರು. ನಾಯಿ ಕೂರಲಿಲ್ಲ.

“ಇವನಿಗೆ ಸಭೆ ಅಂದರೆ ಸಂಕೋಚ,” ಎಂದು ಅಲ್ಪವಿರಾಮ ಬೆವರು ಒರೆಸಿಕೊಂಡ. “ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ನಾಯಿ ಸುಳ್ಳು ಹೇಳುವುದಿಲ್ಲ. ಮನುಷ್ಯ ಒಳಗೊಂದು ಹೊರಗೊಂದು ಇರಬಹುದು. ನಾಯಿ ಹಾಗಲ್ಲ. ತನ್ನವರು ಯಾರು ಅಂತ ಎಲ್ಲರೆದುರೇ ತೋರಿಸಿಬಿಡುತ್ತದೆ.”

ಅದೇ ಹೊತ್ತಿಗೆ ಮೇಡಂ ಫೋನು ಮುಗಿಸಿ ಕೋಣೆಯಿಂದ ಹೊರಬಂದರು.

ನಾಯಿ ಒಂದು ಕ್ಷಣ ಗಾಳಿ ಮೂಸಿತು. ಆಮೇಲೆ ಅದರ ಗಂಟಲಿನಿಂದ ತುಕ್ಕು ಹಿಡಿದ ಬಾಗಿಲು ತೆಗೆದಂಥ ಒಂದು ಸದ್ದು ಬಂತು. ಮೇಜು, ಹಗ್ಗ, ಅಲ್ಪವಿರಾಮ ಮೂರನ್ನೂ ಕಿತ್ತುಕೊಂಡು ಹಾರಿ ಮೇಡಂ ಹೆಗಲ ಮೇಲೆ ಎರಡು ಕಾಲಿಟ್ಟು, ಗೋಂದಿನ ನಾಲಿಗೆಯಿಂದ ಅವರ ಕನ್ನಡಕ ನೆಕ್ಕತೊಡಗಿತು.

“ಗುಬ್ಬಿ, ಕೆಳಗಿಳಿ,” ಎಂದರು ಮೇಡಂ.

ನಾಯಿ ತಟಕ್ಕನೆ ಇಳಿದು, ಕೂತು, ಬಲಗಾಲು ಮುಂದೆ ಚಾಚಿತು.

ಹದಿನೈದು ತಲೆಗಳು ಮೇಡಂ ಕಡೆ ತಿರುಗಿದವು.

“ಗುಬ್ಬಿ ಅಂದ್ರಾ ಮೇಡಂ?” ಎಂದ ಬೈಂಡರ್.

“ಹೂಂ. ಕಿಟಕೀಲಿ ಗುಬ್ಬಿ ಕೂತಿತ್ತು. ಅದಕ್ಕೆ ಹೇಳಿದೆ.”

“ಕಿಟಕಿ ಮುಚ್ಚಿದೆಯಲ್ಲ.”

“ಅದಕ್ಕೇ ಇಳಿ ಅಂದೆ,” ಎಂದು ಮೇಡಂ ಕನ್ನಡಕ ಒರೆಸಿಕೊಂಡರು. “ಪ್ರೂಫ್ ರೀಡರೇ, ಸ್ವಲ್ಪ ಒಳಗೆ ಬನ್ನಿ. ಅದನ್ನೂ ಕರಕೊಂಡು ಬನ್ನಿ.”

ಕೋಣೆಯ ಬಾಗಿಲು ಹಾಕಿದ ಮೇಲೆ ಮೇಡಂ ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದು ಅವನ ಮುಂದಿಟ್ಟರು. ‘ಕಾಣೆಯಾಗಿದೆ’ ಎಂಬ ದಪ್ಪ ಅಕ್ಷರದ ಕೆಳಗೆ ಇದೇ ನಾಯಿಯ ಚಿತ್ರ.

“ಮೂರು ತಿಂಗಳ ಹಿಂದೆ ಇದರ ಪ್ರೂಫ್ ನೋಡಿದ್ದು ನೀವೇ.”

“ಅಕ್ಷರ ನೋಡಿದ್ದೆ ಮೇಡಂ. ಮುಖ ನೋಡಿರಲಿಲ್ಲ.”

ಮೇಡಂ ನಿಟ್ಟುಸಿರು ಬಿಟ್ಟರು. “ಇದು ನಮ್ಮ ಮನೆ ಯಜಮಾನರ ನಾಯಿ. ನನ್ನ ಎರಡು ಸೋಫಾ ತಿಂತು, ಒಂದು ಬಾಗಿಲು ತಿಂತು. ಬಟ್ಟೆ ಹೊಲಿಯೋಳಿಗೆ ಕೊಟ್ಟು, ಮಾರ್ಕೆಟ್ಟಿನಲ್ಲಿ ಹಗ್ಗ ಬಿಡಿಸ್ಕೊಂಡು ಓಡಿಹೋಯ್ತು ಅಂತ ಅವರಿಗೆ ಹೇಳಿದೆ. ಅವರು ನೋಟೀಸು ಪ್ರಿಂಟ್ ಹಾಕಿಸಿದರು. ಹಾಗಾಗಿ ಫೋನ್ ನಂಬರಿನಲ್ಲಿ ಎರಡು ಅಂಕಿ ಅದಲು ಬದಲು ಮಾಡಬೇಕಾಯ್ತು. ನೀವು ಹಿಡೀತೀರೇನೋ ಅಂತ ಅವತ್ತಿಡೀ ದಿನ ಹೆದರಿದ್ದೆ. ಹಿಡೀಲಿಲ್ಲ. ಅವತ್ತಿನಿಂದ ನಿಮ್ಮ ಮೇಲೆ ಒಂಥರಾ ಗೌರವ.”

ಅಲ್ಪವಿರಾಮ ತನ್ನದನ್ನೂ ಹೇಳಿಬಿಟ್ಟ. ಚುಕ್ಕಿ ಇಲ್ಲ, ಇರಲೂ ಇಲ್ಲ, ಇದ್ದದ್ದು ಒಂದು ಫ್ಯಾನು.

ಇಬ್ಬರೂ ಸ್ವಲ್ಪ ಹೊತ್ತು ನಾಯಿಯನ್ನು ನೋಡಿದರು. ನಾಯಿ ಕ್ಯಾಲೆಂಡರಿನ ಕೊನೆಯ ಎರಡು ತಿಂಗಳು ತಿನ್ನುತ್ತಿತ್ತು.

“ನಿಮ್ಮದು ನಾನು ಹೇಳಲ್ಲ,” ಎಂದರು ಮೇಡಂ. “ನಂದು ನೀವು ಹೇಳಬೇಡಿ. ಇದನ್ನ ಈಗಲೇ ಟೈಲರ್ ಹತ್ರ ಬಿಟ್ಟು ಮನೆಗೆ ಹೋಗಿ. ಸೋಮವಾರದಿಂದಲೂ ಐದಕ್ಕೇ ಹೊರಡಿ, ಯಾರೂ ಕೇಳಲ್ಲ.”

ಅಲ್ಪವಿರಾಮನಿಗೆ ಆಕಾಶಕ್ಕೆ ಮೂರೇ ಗೇಣು ಉಳಿಯಿತು. ನಾಯಿಯ ಹಗ್ಗ ಹಿಡಿದು, ಶಿಳ್ಳೆ ಹಾಕಬೇಕೆನ್ನಿಸಿದರೂ ತಡೆದುಕೊಂಡು, ಗೇಟಿಗೆ ಬಂದ. ಬೀಳ್ಕೊಡುವ ನೆಪದಲ್ಲಿ ಮೇಡಂ ಬಂದರು. ಇನ್ನೂ ಅನುಮಾನ ಬಿಡದ ಬೈಂಡರ್ ಖಾಲಿ ಬಕೆಟ್ಟು ಹಿಡಿದು ಹಿಂದೆ ಬಂದ.

ಗೇಟಿನಾಚೆ ಒಬ್ಬ ಗುಂಡಗಿನ ಮನುಷ್ಯ ಕಂಕುಳಲ್ಲಿ ನೋಟೀಸಿನ ಕಟ್ಟು ಅವುಚಿಕೊಂಡು ಸ್ಕೂಟರಿನಿಂದ ಇಳಿಯುತ್ತಿದ್ದ. ಮೇಡಂ ಮುಖ ಬಿಳುಚಿಕೊಂಡಿದ್ದು ನೋಡಿದರೆ ಅವನು ಯಾರೆಂದು ಕೇಳಬೇಕಾಗಿರಲಿಲ್ಲ.

“ಏನೇ ಇದು, ನೋಟೀಸಲ್ಲಿ ನಂಬರೇ ತಪ್ಪಾಗಿದೆ,” ಎನ್ನುತ್ತ ಬಂದ ಆ ಯಜಮಾನ. “ನಿನ್ನೆ ನಾನೇ ಫೋನ್ ಮಾಡಿ ನೋಡಿದೆ, ಯಾರೋ ಹಲ್ಲಿನ ಡಾಕ್ಟರ್ ಎತ್ತಿದರು. ಮೂರು ತಿಂಗಳು ವ್ಯರ್ಥ. ಹೊಸದಾಗಿ ಪ್ರಿಂಟ್ ಹಾಕಿಸಬೇಕು. ಪ್ರೂಫ್ ನೋಡಿದ ಕೋಣ ಯಾರು…” ಅಷ್ಟರಲ್ಲಿ ನೋಟೀಸಿನ ಕಟ್ಟು ನೆಲಕ್ಕೆ ಬಿತ್ತು. “ಗುಬ್ಬಿ.”

ಗುಬ್ಬಿ ಹಾರಿತು. ಇಬ್ಬರೂ ಸ್ಕೂಟರಿನ ಸಮೇತ ಬಿದ್ದರು. ಬಿದ್ದಲ್ಲೇ ಯಜಮಾನ ಗುಬ್ಬಿಯ ಕತ್ತು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

“ಎಲ್ಲಿ ಸಿಕ್ಕಿದ ಸಾರ್ ಇವನು?”

“ರಸ್ತೇಲಿ,” ಎಂದ ಅಲ್ಪವಿರಾಮ.

“ತಡೀರಿ,” ಎಂದ ಬೈಂಡರ್. “ಇದು ಈ ಸಾರ್ ಅವರ ನಾಯಿ ಆದರೆ ನಿಮ್ಮ ಚುಕ್ಕಿ ಎಲ್ಲಿ?”

ಅಲ್ಪವಿರಾಮ ಬಗ್ಗಿ ನೆಲಕ್ಕೆ ಬಿದ್ದ ನೋಟೀಸುಗಳನ್ನು ಹೆಕ್ಕತೊಡಗಿದ. ಮೇಡಂ ಅವನ ಕೈಬಿಡಲಿಲ್ಲ. “ಚುಕ್ಕಿ ತೀರಿಹೋಯ್ತಂತೆ,” ಎಂದರು ಮೆಲ್ಲಗೆ. “ಈಗ ಒಳಗೆ ಹೇಳಿದರು. ಆ ದುಃಖ ತಡೀಲಾರದೆ ಬೀದೀಲಿದ್ದ ಇದನ್ನೇ ಚುಕ್ಕಿ ಅಂತ ಕರೀತಾ ಇದ್ದರಂತೆ.”

ಅಲ್ಪವಿರಾಮ ತಲೆ ತಗ್ಗಿಸಿದ. ಬೈಂಡರನ ಕೈಯಿಂದ ಬಕೆಟ್ಟು ಜಾರಿತು. “ಕ್ಷಮಿಸಿ,” ಎಂದ. “ನಾನು ಬಗ್ಗಿ ಬಗ್ಗಿ ನೋಡಿದೆ. ಎಂಥ ಪಾಪಿ ನಾನು.” ಅವನು ಅಲ್ಪವಿರಾಮನನ್ನು ಅಪ್ಪಿಕೊಂಡು, ಅವನ ಅಂಗಿಯಲ್ಲೇ ಕಣ್ಣೊರೆಸಿಕೊಂಡ. ಇನ್ನೇನು ಎಲ್ಲ ಮುಗಿಯಿತು, ಮನೆಗೆ ಹೋಗಿ ಕಾಲು ಚಾಚಬಹುದು ಎಂದು ಅಲ್ಪವಿರಾಮ ಮನಸ್ಸಿನಲ್ಲೇ ಚಪ್ಪಲಿ ಬಿಡುತ್ತಿದ್ದ.

“ಮೇಡಂ,” ಎಂದ ಬೈಂಡರ್, ಮೂಗೇರಿಸುತ್ತ. “ಎಂಟು ತಿಂಗಳು ದಿನಾ ಐದಕ್ಕೆ ನಾಯಿ ಅಂತ ಓಡಿದ ಜೀವ ಇದು. ಇನ್ನು ಐದಾದರೆ ಆ ಖಾಲಿ ಮನೇಲಿ ಇವರ ಗತಿ ಏನು? ಗುಬ್ಬೀನ ಸಂಜೆ ಹೊತ್ತು ಇವರ ಕೈಗೇ ಕೊಟ್ಟುಬಿಡಿ. ಇವರಿಗೂ ಒಂದು ಸಮಾಧಾನ.”

“ನನ್ನ ಬಾಯಿಂದ ಮಾತು ಕಿತ್ಕೊಂಡ್ರಿ,” ಎಂದ ಯಜಮಾನ. “ನಾವಿಬ್ಬರೂ ಮನೆ ಸೇರೋದು ಎಂಟಕ್ಕೆ. ಒಬ್ಬನೇ ಇದ್ದು ಬೇಜಾರಾಗಿಯೇ ಇವನು ಓಡಿಹೋಗಿದ್ದು.”

ಅಲ್ಪವಿರಾಮ ಮೇಡಂ ಕಡೆ ನೋಡಿದ. ಮೇಡಂ ತಮ್ಮ ಮೂರನೆಯ ಸೋಫಾವನ್ನು ನೆನೆದು ಒಂದು ಗಳಿಗೆ ಯೋಚಿಸಿದರು. ಆಮೇಲೆ ಮುಖ ಅರಳಿತು. “ಒಳ್ಳೇದೇ ಆಯ್ತು,” ಎಂದರು. “ಇವರ ಮನೇಲೇ ಇರಲಿ ಎಂಟರವರೆಗೆ.”

ಯಜಮಾನ ಧೂಳು ಕೊಡವಿಕೊಂಡು ಎದ್ದು, ಹಗ್ಗವನ್ನು ಎರಡು ಸುತ್ತು ಅಲ್ಪವಿರಾಮನ ಮಣಿಕಟ್ಟಿಗೆ ತಾನೇ ಸುತ್ತಿ ಬಿಗಿದ.

“ಗಡಿಯಾರ ನೋಡಿ, ಐದಾಯ್ತು. ಹೊರಡಿ,” ಎಂದ. “ಮತ್ತೆ ಭಾನುವಾರ ಬೆಳಿಗ್ಗೆಯಿಂದಲೇ ಬಂದು ಕರಕೊಂಡು ಹೋಗಿ ಸಾರ್, ಸಂಕೋಚ ಪಟ್ಕೋಬೇಡಿ.”